ಗಣಿಯ ಮದ್ದು, ನಾಲಿಗೆ ಕೆಳಗಿನ ಮಾತ್ರೆ

ನಮ್ಮ ಮಾವ ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿಯಲ್ಲಿ ದುಡಿದವರು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದಾಗ ಅವರಿಗೆ ನಲವತ್ತು ದಾಟಿತ್ತು. ಈಗ ಅರವತ್ತೇಳು. ಎರಡು ವರ್ಷದ ಹಿಂದೆ ಅವರಿಗೆ ಆಂಜೈನಾ ಇರುವುದು ಗೊತ್ತಾಗಿ ಡಾಕ್ಟರು ಹೊಸ ಮಾತ್ರೆ ಬರೆದುಕೊಟ್ಟರು. ಶುರು ಮಾಡಿದ ಎರಡನೇ ದಿನವೇ ನನಗೆ ಫೋನ್. ನಾನು ಬಂಗಾರಪೇಟೆಯಿಂದ ವೈಟ್‌ಫೀಲ್ಡ್‌ಗೆ ಹೋಗುವ ಟ್ರೇನಿನಲ್ಲಿ ನಿಂತಿದ್ದೆ.

“ಲೇ, ಈ ತಲೆನೋವು ನಂಗೆ ಹೊಸದಲ್ಲ ಕಣೋ. ಅಂಡರ್‌ಗ್ರೌಂಡಲ್ಲಿ ಮದ್ದು ಕೈಯಲ್ಲಿ ಹಿಡಿದ ದಿನ ಬರ್ತಿತ್ತಲ್ಲ, ಅದೇ ಇದು.”

ಹಿಂದಿನಿಂದ ಅತ್ತೆಯ ದನಿ: “ಇವರಿಗೆ ಎಲ್ಲದಕ್ಕೂ ಗಣಿ ಕಥೇನೇ.”

ಆದರೆ ಮಾವ ಹೇಳಿದ್ದು ಕಥೆಯಲ್ಲ. ಬಂಡೆ ಸಿಡಿಸುವ ಡೈನಮೈಟು, ಜೆಲಿಗ್ನೈಟುಗಳ ಜೀವಾಳ ನೈಟ್ರೋಗ್ಲಿಸರಿನ್. ಎದೆನೋವಿಗೆ ನಾಲಿಗೆ ಕೆಳಗೆ ಇಡುವ ಮಾತ್ರೆಗಳಲ್ಲಿ ಎಲ್ಲಕ್ಕಿಂತ ಹಳೆಯದೂ ಅದೇ ನೈಟ್ರೋಗ್ಲಿಸರಿನ್. ನಮ್ಮಲ್ಲಿ ಹೆಚ್ಚು ಬಳಕೆಯಲ್ಲಿರುವ ಸಾರ್ಬಿಟ್ರೇಟ್‌ (ಐಸೋಸಾರ್ಬೈಡ್ ಡೈನೈಟ್ರೇಟ್) ಮತ್ತು ಮಾವ ತಗೊಳ್ಳುವ ಐಸೋಸಾರ್ಬೈಡ್ ಮೊನೊನೈಟ್ರೇಟ್ ಇದರ ದಾಯಾದಿಗಳು. ಎಲ್ಲವೂ ‘ನೈಟ್ರೇಟ್’ ಕುಟುಂಬ. ಮಾತ್ರೆ ಸಿಡಿಯುತ್ತಾ ಅಂತ ಅತ್ತೆ ಕೇಳಿದರು. ಇಲ್ಲ. ಅದರಲ್ಲಿ ಇರುವುದು ಕೆಲವೇ ಮಿಲಿಗ್ರಾಂ ಔಷಧಿ, ಮಿಕ್ಕಿದ್ದೆಲ್ಲ ಬೇರೆ ಪುಡಿ.

1847ರಲ್ಲಿ ಇಟಲಿಯ ಆಸ್ಕಾನಿಯೊ ಸೊಬ್ರೆರೊ ಈ ವಸ್ತುವನ್ನು ಲೋಕಕ್ಕೆ ತಿಳಿಸಿದಾಗಲೇ ನಾಲಿಗೆಗೆ ಚೂರು ತಾಕಿಸಿದರೂ ಭಯಂಕರ ತಲೆನೋವು ಬರುತ್ತದೆ ಅಂತ ಬರೆದಿದ್ದ. ಆಲ್ಫ್ರೆಡ್ ನೊಬೆಲ್ 1867ರಲ್ಲಿ ಇದನ್ನೇ ಪಳಗಿಸಿ ಡೈನಮೈಟ್ ಮಾಡಿದ. 1879ರಲ್ಲಿ ಲಂಡನ್ನಿನ ವೈದ್ಯ ವಿಲಿಯಂ ಮರೆಲ್ ಆಂಜೈನಾ ರೋಗಿಗಳಿಗೆ ಇದನ್ನು ಕೊಟ್ಟು, ಫಲಿತಾಂಶವನ್ನು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದ. ಅದರ ಮರುವರ್ಷ, 1880ರಲ್ಲಿ, ಜಾನ್ ಟೇಲರ್ ಕಂಪನಿ ನಮ್ಮ ಕೋಲಾರದ ಚಿನ್ನದ ಗಣಿಗೆ ಕಾಲಿಟ್ಟಿತು. ನೊಬೆಲ್‌ಗೆ ಕೊನೆಗಾಲದಲ್ಲಿ ಆಂಜೈನಾ ಬಂದು, ವೈದ್ಯರು ಅವನಿಗೂ ನೈಟ್ರೋಗ್ಲಿಸರಿನ್ನೇ ಬರೆದುಕೊಟ್ಟರು. ಇದೆಂಥ ವಿಧಿಯ ಆಟ ಅಂತ ಅವನೇ ಪತ್ರದಲ್ಲಿ ಬೇಸರದಿಂದ ನಕ್ಕಿದ್ದಾನೆ. ಈ ಔಷಧಿ ಹೇಗೆ ಕೆಲಸ ಮಾಡುತ್ತದೆ ಅನ್ನುವುದರ ಗುಟ್ಟು ನೈಟ್ರಿಕ್ ಆಕ್ಸೈಡ್ ಎಂಬ ಅನಿಲದಲ್ಲಿದೆ. ದೇಹದಲ್ಲಿ ಆ ಅನಿಲದ ಪಾತ್ರ ಕಂಡುಹಿಡಿದ ಮೂವರಿಗೆ 1998ರಲ್ಲಿ ನೊಬೆಲ್ ಪ್ರಶಸ್ತಿಯೇ ಬಂತು.

ಆ ಅನಿಲ ರಕ್ತನಾಳದ ಗೋಡೆಯನ್ನು ಸಡಿಲ ಮಾಡುತ್ತದೆ. ನಾಳ ಹಿಗ್ಗಿದಾಗ ರಕ್ತ ಅಲ್ಲಲ್ಲೇ ತಂಗುತ್ತದೆ, ಹೃದಯಕ್ಕೆ ವಾಪಸ್ ಬರುವ ರಕ್ತ ಕಡಿಮೆಯಾಗುತ್ತದೆ. ತೊಟ್ಟಿಗೆ ಬರುವ ನೀರು ಕಡಿಮೆಯಾದರೆ ಪಂಪಿಗೆ ಹೊರೆ ಇಳಿದ ಹಾಗೆ. ಹೃದಯದ ಸ್ವಂತ ನಾಳಗಳೂ ಸ್ವಲ್ಪ ಹಿಗ್ಗುತ್ತವೆ. ನೋವು ಇಳಿಯುತ್ತದೆ. ತಲೆಯ ನಾಳಗಳು ಹಿಗ್ಗುವುದರಿಂದ ತಲೆನೋವು. ಮಾವನಿಗೆ ಬಂದ ಥರದ ತಲೆನೋವು ಸಾಮಾನ್ಯವಾಗಿ ಕೆಲವು ದಿನಗಳಲ್ಲಿ, ಹೆಚ್ಚೆಂದರೆ ವಾರ ಎರಡು ವಾರದಲ್ಲಿ ತಗ್ಗುತ್ತದೆ. ಅಲ್ಲಿವರೆಗೆ ಪ್ಯಾರಸಿಟಮಾಲ್ ಸಾಕಾಗುತ್ತದೆ. ತಲೆನೋವು ಅಂತ ಮಾತ್ರೆ ಬಿಡಬಾರದು. ತಡೆಯಕ್ಕಾಗದಿದ್ದರೆ ಡಾಕ್ಟರಿಗೆ ಹೇಳಿದರೆ ಪ್ರಮಾಣ ಬದಲಿಸುತ್ತಾರೆ.

ಸೋಮವಾರದ ತಲೆನೋವು

ಡೈನಮೈಟ್ ಕಾರ್ಖಾನೆಗಳಲ್ಲಿ ಹಿಂದೆ ‘ಸೋಮವಾರದ ಕಾಯಿಲೆ’ ಅಂತ ಒಂದಿತ್ತು. ಭಾನುವಾರ ರಜೆ ಮುಗಿಸಿ ಬಂದವರಿಗೆ ಸೋಮವಾರ ತಲೆ ಸಿಡಿಯುತ್ತಿತ್ತು. ಮಂಗಳವಾರ, ಬುಧವಾರದ ಹೊತ್ತಿಗೆ ಅದೇ ಮದ್ದು, ಅದೇ ಗಾಳಿ, ತಲೆನೋವು ಮಾತ್ರ ಮಾಯ. ದೇಹ ಒಗ್ಗಿಕೊಂಡಿರುತ್ತಿತ್ತು. ಮತ್ತೆ ರಜೆ ಬಂದರೆ ಒಗ್ಗಿದ್ದು ಇಳಿದು, ಸೋಮವಾರ ಮತ್ತದೇ ಪಾಡು. ಇದರಿಂದ ತಪ್ಪಿಸಿಕೊಳ್ಳಲು ಕೆಲವರು ಟೋಪಿಯ ಪಟ್ಟಿಗೆ ಚೂರು ಮದ್ದು ಸವರಿಕೊಂಡು ಮನೆಗೆ ಹೋಗುತ್ತಿದ್ದರಂತೆ, ರಜೆಯಲ್ಲೂ ‘ಡೋಸ್’ ತಪ್ಪದಿರಲಿ ಅಂತ.

ಕೇಳಕ್ಕೆ ತಮಾಷೆ. ಆದರೆ ಮಾತ್ರೆ ತಗೊಳ್ಳುವವರು ತಿಳಿದುಕೊಳ್ಳಬೇಕಾದ ಮುಖ್ಯ ವಿಷಯ ಇಲ್ಲೇ ಇದೆ. ದಿನದ 24 ಗಂಟೆಯೂ ನೈಟ್ರೇಟ್ ದೇಹದಲ್ಲಿದ್ದರೆ ರಕ್ತನಾಳಗಳು ಅದಕ್ಕೆ ಒಗ್ಗಿಹೋಗುತ್ತವೆ. ತಲೆನೋವು ಹೋದ ಹಾಗೆ ಪರಿಣಾಮವೂ ಹೋಗುತ್ತದೆ. ಮಾತ್ರೆ ಹೊಟ್ಟೆಗೆ ಹೋಗುತ್ತಿರುತ್ತದೆ, ಎದೆಗೆ ರಕ್ಷಣೆ ಇರುವುದಿಲ್ಲ. ಅದಕ್ಕೇ ವೈದ್ಯರು ದಿನದಲ್ಲಿ 10ರಿಂದ 14 ಗಂಟೆ ನೈಟ್ರೇಟ್ ಇಲ್ಲದ ಬಿಡುವು ಇಡುತ್ತಾರೆ, ಸಾಮಾನ್ಯವಾಗಿ ರಾತ್ರಿ.

ಮಾವನ ವಿಷಯದಲ್ಲಿ ಆಗಿದ್ದು ಇದೇ. ಚೀಟಿಯಲ್ಲಿ ದಿನಕ್ಕೆ ಎರಡು ಅಂತ ಇತ್ತು: ಬೆಳಿಗ್ಗೆ 8ಕ್ಕೆ ಒಂದು, ಮಧ್ಯಾಹ್ನ 3ಕ್ಕೆ ಒಂದು. ಮಾವನಿಗೆ ಅದು ಸರಿ ಕಾಣಲಿಲ್ಲ. ಬಿಪಿ ಮಾತ್ರೆ, ಶುಗರ್ ಮಾತ್ರೆ ಎಲ್ಲ ಬೆಳಿಗ್ಗೆ–ರಾತ್ರಿ ಇರುವಾಗ ಇದೊಂದು ಮಾತ್ರ ಮಧ್ಯಾಹ್ನ ಯಾಕೆ ಅಂತ ತಾವೇ ರಾತ್ರಿಗೆ ಎಳೆದುಕೊಂಡರು. ಮೂರು ನಾಲ್ಕು ವಾರ ಕಳೆಯುವಷ್ಟರಲ್ಲಿ ಬಂಗಾರಪೇಟೆ ಸ್ಟೇಷನ್ನಿನ ಮೇಲ್ಸೇತುವೆ ಅರ್ಧ ಹತ್ತುವಾಗಲೇ ಎದೆ ಹಿಡಿಯತೊಡಗಿತು. “ಮಾತ್ರೆ ಡೂಪ್ಲಿಕೇಟ್ ಇರಬೇಕು” ಅಂತ ಮೆಡಿಕಲ್ ಶಾಪಿನವರ ಮೇಲೆ ಅನುಮಾನ ಬೇರೆ. ಮುಂದಿನ ಸಲ ಡಾಕ್ಟರು ಕೇಳಿದ ಮೊದಲ ಪ್ರಶ್ನೆಯೇ, “ಎರಡನೇದು ಎಷ್ಟು ಗಂಟೆಗೆ ತಗೋತೀರಿ?”

ಸಾದಾ ಮೊನೊನೈಟ್ರೇಟ್ ಆದರೆ ಎರಡು ಮಾತ್ರೆಗಳ ನಡುವೆ ಸುಮಾರು 7 ಗಂಟೆ ಅಂತರ, ಆಮೇಲೆ ಮರುದಿನ ಬೆಳಿಗ್ಗೆವರೆಗೆ ಬಿಡುವು. ನಿಧಾನವಾಗಿ ಕರಗುವ ‘ಎಸ್‌ಆರ್’ ಮಾತ್ರೆ ಆದರೆ ಸಾಮಾನ್ಯವಾಗಿ ಬೆಳಿಗ್ಗೆ ಒಂದೇ. ಅದನ್ನು ಪುಡಿ ಮಾಡಬಾರದು, ಅಗಿಯಬಾರದು. ಮೈಗೆ ಅಂಟಿಸುವ ಪಟ್ಟಿ ಕೊಟ್ಟಿದ್ದರೆ ರಾತ್ರಿ ಅದನ್ನು ತೆಗೆಯಬೇಕು. ನಿಮ್ಮ ಮನೆಯವರಿಗೆ ರಾತ್ರಿ ಹೊತ್ತೇ ನೋವು ಬರುವುದಾದರೆ ಡಾಕ್ಟರು ಬಿಡುವನ್ನು ಹಗಲಿಗೆ ಸರಿಸಬಹುದು. ಅದು ಅವರ ಲೆಕ್ಕ, ನಮ್ಮದಲ್ಲ. ಒಂದು ಹೊತ್ತು ಮರೆತರೆ ಮುಂದಿನ ಹೊತ್ತಿಗೆ ಎರಡು ತಗೊಳ್ಳುವುದೂ ಬೇಡ.

ಆ ಕಾರ್ಖಾನೆಗಳಲ್ಲಿ ಇನ್ನೊಂದೂ ಕಂಡುಬಂದಿತ್ತು. ಮದ್ದಿನ ಸಂಪರ್ಕ ಸಡನ್ನಾಗಿ ತಪ್ಪಿದ ರಜಾದಿನಗಳಲ್ಲಿ ಕೆಲವರಿಗೆ ಎದೆನೋವು ಬಂತು, ಕೆಲವರು ಸತ್ತರು. ಹಾಗಾಗಿ ತಿಂಗಳುಗಟ್ಟಲೆ ತಗೊಂಡ ನೈಟ್ರೇಟನ್ನು ಊರಿಗೆ ಹೋದಾಗ ಮರೆತೆ, ಹಬ್ಬದ ಗಲಾಟೆಯಲ್ಲಿ ಬಿಟ್ಟೆ ಅಂತ ದಿನಗಟ್ಟಲೆ ನಿಲ್ಲಿಸುವುದು ಅಪಾಯ. ಡಾಕ್ಟರು ಹೇಳಿದ ದಿನನಿತ್ಯದ ಬಿಡುವು ಬೇರೆ, ನಾವೇ ನಿಲ್ಲಿಸುವುದು ಬೇರೆ.

ಮೆಟ್ಟಿಲು ಹತ್ತುವ ಮೊದಲು

ದಿನದ ಮಾತ್ರೆ ಒಂದು, ಜೇಬಿನ ಮಾತ್ರೆ ಇನ್ನೊಂದು. ಈ ವ್ಯತ್ಯಾಸ ಅನೇಕ ಮನೆಗಳಲ್ಲಿ ಯಾರಿಗೂ ಗೊತ್ತಿರುವುದಿಲ್ಲ. ದಿನದ್ದು ನುಂಗುವುದು, ನಿಧಾನ ಕೆಲಸ ಮಾಡುವುದು. ನೋವು ಬಂದಾಗ ಅದನ್ನು ನುಂಗಿ ಕೂತರೆ ಪ್ರಯೋಜನವಿಲ್ಲ. ಜೇಬಿನದ್ದು ನಾಲಿಗೆ ಕೆಳಗೆ ಇಡುವುದು, ಅಥವಾ ಅಲ್ಲಿಗೇ ಹೊಡೆಯುವ ಸ್ಪ್ರೇ. ಇದನ್ನು ನುಂಗಿದರೆ ಲಿವರ್ ಅದರ ಬಹುಪಾಲನ್ನು ಮೊದಲೇ ಮುರಿದುಹಾಕುತ್ತದೆ. ಬಾಯಿ ಒಣಗಿದ್ದರೆ ಒಂದು ಗುಟುಕು ನೀರಲ್ಲಿ ಒದ್ದೆ ಮಾಡಿಕೊಂಡು ಇಟ್ಟುಕೊಳ್ಳಬೇಕು, ಕರಗುವವರೆಗೆ ಮಾತು ಬೇಡ.

ಈ ಜೇಬಿನ ಮಾತ್ರೆ ನೋವು ಬಂದ ಮೇಲೆ ಮಾತ್ರ ಅಂತಲ್ಲ, ಬರುವ ಮೊದಲೇ ತಡೆಯಲಿಕ್ಕೂ ಆಗುತ್ತದೆ. ಇಂಥ ಕೆಲಸ ಮಾಡಿದರೆ ಎದೆ ಹಿಡಿಯುತ್ತದೆ ಅಂತ ಅನುಭವದಿಂದ ಗೊತ್ತಿದ್ದರೆ, ನೈಟ್ರೋಗ್ಲಿಸರಿನ್ ಸ್ಪ್ರೇ ಅಥವಾ ಮಾತ್ರೆಯನ್ನು 5–10 ನಿಮಿಷ ಮೊದಲು, ಸಾರ್ಬಿಟ್ರೇಟ್ ಆದರೆ ಸುಮಾರು 15 ನಿಮಿಷ ಮೊದಲು ನಾಲಿಗೆ ಕೆಳಗೆ ಇಟ್ಟುಕೊಳ್ಳಲು ಡಾಕ್ಟರು ಹೇಳಿರುತ್ತಾರೆ. ಮಾವನ ಡಾಕ್ಟರೂ ಹಾಗೇ ಹೇಳಿದರು. ಮಾರಿಕುಪ್ಪಂ ಕಡೆಯಿಂದ ಟ್ರೇನ್ ಊರ್ಗಾಂ, ಕೋರಮಂಡಲ್, ಬೆಮೆಲ್ ನಗರ ದಾಟಿ ಬರುವಾಗ ಕೂತಲ್ಲೇ ಮಾತ್ರೆ ಇಟ್ಟುಕೊಂಡರೆ, ಬಂಗಾರಪೇಟೆ ಮೇಲ್ಸೇತುವೆ ಹೊತ್ತಿಗೆ ಅದು ಕೆಲಸ ಶುರು ಮಾಡಿರುತ್ತದೆ. ಚಳಿಗಾಲದ ಬೆಳಗ್ಗೆ, ಹೊಟ್ಟೆ ತುಂಬ ತಿಂದ ಮೇಲೆ, ಕೋಪ ಬಂದಾಗ ನೋವು ಬೇಗ ಬರುತ್ತದೆ. ಬಂಗಾರಪೇಟೆಗೆ ಬಂದು ಪಾನಿಪೂರಿ ತಿನ್ನದೆ ಹೋಗುವ ಜಾತಿಯಲ್ಲ ನಮ್ಮ ಮಾವ. ತಿಂದ ಮೇಲೆ ಅರ್ಧ ಗಂಟೆ ಬೆಂಚಿನ ಮೇಲೆ ಕೂರಬೇಕು ಅನ್ನುವ ಕರಾರಿನ ಮೇಲೆ ಅತ್ತೆ ಬಿಟ್ಟಿದ್ದಾರೆ.

ಯಾವಾಗ ಇಟ್ಟುಕೊಂಡರೂ ಕೂತು ಇಟ್ಟುಕೊಳ್ಳಬೇಕು. ರಕ್ತನಾಳ ಹಿಗ್ಗಿದಾಗ ಬಿಪಿ ಇಳಿಯುತ್ತದೆ. ನಿಂತಿದ್ದರೆ ತಲೆ ಸುತ್ತಿ ಬೀಳಬಹುದು. ಎದೆನೋವು ಹೋಗಿ ಸೊಂಟ ಮುರಿದುಕೊಂಡವರಿದ್ದಾರೆ. ಏಳುವಾಗಲೂ ನಿಧಾನ. ಸುಡು ಸುಡು ನೀರಿನ ಎಣ್ಣೆಸ್ನಾನ, ಮದ್ಯ ಎರಡೂ ನಾಳಗಳನ್ನು ಹಿಗ್ಗಿಸಿ ಬಿಪಿಯನ್ನು ಇನ್ನಷ್ಟು ಇಳಿಸುತ್ತವೆ. ಮಾತ್ರೆ ಹಾಕಿಕೊಂಡು ಕಣ್ಣು ಕತ್ತಲೆ ಬಂದರೆ ಮಲಗಿಸಿ ಕಾಲು ಸ್ವಲ್ಪ ಎತ್ತರಕ್ಕೆ ಇಡಿ.

ನೋವು ಬಂದೇ ಬಿಟ್ಟರೆ? ಮಾಡುತ್ತಿದ್ದ ಕೆಲಸ ನಿಲ್ಲಿಸಿ, ಕೂತು, ಒಂದು ಮಾತ್ರೆ ಅಥವಾ ಒಂದು ಸ್ಪ್ರೇ. ಗಡಿಯಾರ ನೋಡಿ. 5 ನಿಮಿಷದಲ್ಲಿ ನೋವು ಇಳಿಯದಿದ್ದರೆ, ಅಥವಾ ಏರುತ್ತಿದ್ದರೆ, 108ಕ್ಕೆ ಫೋನ್ ಮಾಡಿ. ಆಂಬುಲೆನ್ಸ್ ಬರುವವರೆಗೆ, ಡಾಕ್ಟರು ಮೊದಲೇ ಹೇಳಿದ್ದರೆ ಮಾತ್ರ, 5 ನಿಮಿಷಕ್ಕೊಂದರಂತೆ ಇನ್ನೆರಡು ಇಡಬಹುದು. ಒಟ್ಟು ಮೂರು ದಾಟಬಾರದು. ಬೆವರು, ವಾಂತಿ, ಉಸಿರು ಕಟ್ಟುವುದು ಇದ್ದರೆ 5 ನಿಮಿಷವೂ ಕಾಯಬೇಡಿ. ‘ಇನ್ನೊಂದು ಮಾತ್ರೆ ನೋಡೋಣ, ಇನ್ನೊಂದು ನೋಡೋಣ’ ಅಂತ ಗಂಟೆ ಕಳೆಯುವುದೇ ಜೀವ ತೆಗೆಯುವುದು.

ಕೆಜಿಎಫ್‌ನಂಥ ಊರಲ್ಲಿ ಇನ್ನೊಂದು ಅಭ್ಯಾಸ ಇದೆ: ಏನಾದರೂ ನೇರ ಬೆಂಗಳೂರಿಗೇ ಓಡುವುದು. ಎರಡು ಗಂಟೆ ದಾರಿ, ಮೇಲೆ ಟ್ರಾಫಿಕ್ಕು. ಸರ್ಕಾರದ ‘ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ’ ಯೋಜನೆಗೆ ಸೇರಿದ ತಾಲ್ಲೂಕು ಆಸ್ಪತ್ರೆಗಳಲ್ಲಿ ಇಸಿಜಿ ತೆಗೆದು ಜಯದೇವದಂಥ ದೊಡ್ಡ ಆಸ್ಪತ್ರೆಯ ತಜ್ಞರಿಗೆ ಕಳಿಸುತ್ತಾರೆ. ಹೃದಯಾಘಾತ ಅಂತ ಖಚಿತವಾದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಎಂಬ ದುಬಾರಿ ಚುಚ್ಚುಮದ್ದನ್ನು ಉಚಿತವಾಗಿ ಕೊಡುತ್ತಾರೆ. ನಿಮ್ಮ ಅಪ್ಪ–ಅಮ್ಮ ಇರುವ ಊರಿನ ಆಸ್ಪತ್ರೆ ಇದರಲ್ಲಿ ಇದೆಯಾ ಅಂತ ಇವತ್ತೇ ವಿಚಾರಿಸಿ ಇಟ್ಟುಕೊಳ್ಳಿ.

ಗಣಿ ಕೆಲಸ ಮಾಡಿದವರ ಮನೆಗಳಿಗೆ ಒಂದು ಮಾತು. ಭಾರತದಲ್ಲಿ ಸಿಲಿಕೋಸಿಸ್ ಮೊದಲು ವರದಿಯಾಗಿದ್ದೇ ಕೋಲಾರದ ಗಣಿಗಳಿಂದ. ಹಾಗಾಗಿ ಇಲ್ಲಿ ಎದೆ ಬಿಗಿದರೆ “ಅದು ಧೂಳಿಂದು ಬಿಡು” ಅನ್ನುವುದು ರೂಢಿ. ಮಿಕ್ಕ ಕಡೆ “ಗ್ಯಾಸು”. ನಡೆದಾಗ, ಹತ್ತಿದಾಗ ಬಂದು, ನಿಂತರೆ ಕೆಲವೇ ನಿಮಿಷದಲ್ಲಿ ಹೋಗುವ ಬಿಗಿತ, ಅದು ಎದೆಯಲ್ಲಿರಲಿ, ದವಡೆಯಲ್ಲಿರಲಿ, ಎಡಗೈಯಲ್ಲಿರಲಿ, ಇಸಿಜಿ ಕೇಳುತ್ತದೆ. ಹೆಂಗಸರಿಗೆ, ಶುಗರ್ ಇರುವವರಿಗೆ ಬರೀ ಉಬ್ಬಸ, ಸುಸ್ತು ಅಷ್ಟೇ ಇರಬಹುದು.

ಮಾವ ಡಾಕ್ಟರ ಹತ್ತಿರ ಹೇಳದ್ದು

ಈಗ ಮನೆಮಂದಿ ಮುಂದೆ ಯಾರೂ ಎತ್ತದ ವಿಷಯ. ನೈಟ್ರೇಟ್ ತಗೊಳ್ಳುವವರು ವಯಾಗ್ರ ಥರದ ಮಾತ್ರೆ ತಗೊಳ್ಳಲೇಬಾರದು. ಸಿಲ್ಡೆನಾಫಿಲ್, ಟಡಾಲಾಫಿಲ್, ವಾರ್ಡೆನಾಫಿಲ್ ಎಲ್ಲ ಇದೇ ಗುಂಪು. ನೈಟ್ರಿಕ್ ಆಕ್ಸೈಡ್ ಶುರು ಮಾಡಿದ ಕೆಲಸಕ್ಕೆ ಇವು ಬ್ರೇಕ್ ಬೀಳದಂತೆ ಮಾಡುತ್ತವೆ. ಎರಡೂ ಸೇರಿದರೆ ಬಿಪಿ ಪಾತಾಳಕ್ಕೆ ಹೋಗುತ್ತದೆ, ಸಾವೂ ಸಂಭವಿಸಬಹುದು. ಸಿಲ್ಡೆನಾಫಿಲ್ ತಗೊಂಡ 24 ಗಂಟೆ, ಟಡಾಲಾಫಿಲ್ ತಗೊಂಡ 48 ಗಂಟೆಯೊಳಗೆ ನೈಟ್ರೇಟ್ ಕೊಡಬಾರದು.

ಇದು ಬರೀ ‘ಆ’ ವಿಷಯ ಅಂದುಕೊಳ್ಳಬೇಡಿ. ಪ್ರಾಸ್ಟೇಟ್ ದೊಡ್ಡದಾಗಿ ಮೂತ್ರದ ತೊಂದರೆ ಇರುವ ಗಂಡಸರಿಗೆ ದಿನಾ ತಗೊಳ್ಳಲು ಟಡಾಲಾಫಿಲ್ ಬರೆಯುತ್ತಾರೆ. ಶ್ವಾಸಕೋಶದ ರಕ್ತನಾಳದ ಒತ್ತಡಕ್ಕೆ ಹೆಂಗಸರಿಗೂ ಸಿಲ್ಡೆನಾಫಿಲ್ ಕೊಡುತ್ತಾರೆ. ಮೂತ್ರದ ಡಾಕ್ಟರು ಬೇರೆ, ಹೃದಯದ ಡಾಕ್ಟರು ಬೇರೆ, ಎರಡು ಚೀಟಿ ಒಂದೇ ಟೇಬಲ್ ಮೇಲೆ ಬರುವುದೇ ಇಲ್ಲ. ಇನ್ನು ‘ಶುದ್ಧ ಗಿಡಮೂಲಿಕೆ’ ಅಂತ ಮಾರುವ ಶಕ್ತಿಪುಡಿಗಳಲ್ಲಿ ಸಿಲ್ಡೆನಾಫಿಲ್ ಬೆರೆಸಿದ್ದು ಅನೇಕ ದೇಶಗಳಲ್ಲಿ ಸಿಕ್ಕಿಬಿದ್ದಿದೆ.

ಅಳಿಯ ಹೋಗಿ ಮಾವನನ್ನು ಇದನ್ನೆಲ್ಲ ಕೇಳುವುದು ಹೇಗೆ? ನಾನು ಕೇಳಲಿಲ್ಲ. ಒಳಗೆ ಹೋಗುವ ಮೊದಲೇ ನರ್ಸ್ ಕೈಗೆ ಚೀಟಿ ಕೊಟ್ಟೆ: “ಬೇರೆ ಮಾತ್ರೆಗಳ ಬಗ್ಗೆ ಡಾಕ್ಟರು ಒಬ್ಬರೇ ಇರುವಾಗ ಕೇಳಲಿ.” ಬಿಪಿ ನೋಡಿ ಮುಗಿದ ಮೇಲೆ ನಾನೂ ಅತ್ತೆಯೂ ಹೊರಗೆ ಬಂದು ಕೂತೆವು. ಒಳಗೆ ಏನು ಮಾತಾಯಿತೋ ನನಗೆ ಗೊತ್ತಿಲ್ಲ, ಗೊತ್ತಾಗಬೇಕಾಗಿಯೂ ಇಲ್ಲ. ಹೊರಗೆ ಬಂದ ಮಾವ, “ಆ ಡಾಕ್ಟರು ಒಳ್ಳೆಯವರು” ಅಂದರು, ಅಷ್ಟೇ.

ಫಾರ್ವರ್ಡ್ ಆದ ಕಿಟ್

2025ರ ಜೂನ್–ಜುಲೈನಲ್ಲಿ ಹಾಸನದಲ್ಲಿ ಹೃದಯಾಘಾತದ ಸುದ್ದಿ ಮೇಲಿಂದ ಮೇಲೆ ಬಂದಾಗ ಜಯದೇವ ಆಸ್ಪತ್ರೆ ಮುಂದೆ ಜನ ಸಾಲುಗಟ್ಟಿದ್ದು ನೆನಪಿರಬಹುದು. ಆ ಭಯ ಹಬ್ಬಿದಾಗೆಲ್ಲ ಒಂದು ಮೆಸೇಜ್ ಓಡಾಡುತ್ತದೆ: ಪರ್ಸಿನಲ್ಲಿ ಆಸ್ಪಿರಿನ್, ಕೊಲೆಸ್ಟ್ರಾಲ್ ಮಾತ್ರೆ, ಸಾರ್ಬಿಟ್ರೇಟ್ ಇಟ್ಟುಕೊಳ್ಳಿ, ಎದೆನೋವು ಬಂದರೆ ಮೂರೂ ಹಾಕಿಕೊಳ್ಳಿ. ಟ್ರೇನಿನಲ್ಲಿ ನನ್ನ ಜತೆ ಓಡಾಡುವ ಮೂವತ್ತರ ಹುಡುಗರ ಬ್ಯಾಗಿನಲ್ಲೂ ಈ ಕಿಟ್ ನೋಡಿದ್ದೇನೆ.

ಮಾವನಿಗೆ ಸಾರ್ಬಿಟ್ರೇಟ್ ಕೊಟ್ಟದ್ದು ಅವರ ಇಸಿಜಿ, ಎಕೋ, ಬಿಪಿ ನೋಡಿದ ಮೇಲೆ. ನಿಮ್ಮದು ಯಾರೂ ನೋಡಿಲ್ಲ. ಬಿಪಿ ಮೊದಲೇ ಕಡಿಮೆ ಇದ್ದರೆ, ಹೃದಯದ ಬಲಭಾಗಕ್ಕೆ ಆಘಾತವಾಗಿದ್ದರೆ, ಅಯೋರ್ಟಿಕ್ ಕವಾಟ ತೀರಾ ಕಿರಿದಾಗಿದ್ದರೆ, ಅಥವಾ ಹುಟ್ಟಿನಿಂದಲೇ ಹೃದಯದ ಗೋಡೆ ದಪ್ಪಗಾಗಿ ರಕ್ತದ ದಾರಿ ಕಟ್ಟುವ ಕಾಯಿಲೆ ಇದ್ದರೆ (ಇದು ಚಿಕ್ಕ ವಯಸ್ಸಿನವರಲ್ಲೂ ಇರುತ್ತದೆ), ಅದೇ ಮಾತ್ರೆ ಬಿಪಿಯನ್ನು ಕುಸಿಸಿ ಪರಿಸ್ಥಿತಿ ಕೆಡಿಸುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ಮಾತ್ರೆ ಇಟ್ಟುಕೊಂಡೆನಲ್ಲ ಅಂತ ಆಸ್ಪತ್ರೆಗೆ ಹೋಗುವುದು ತಡವಾಗುತ್ತದೆ. ಮೊದಲ ಸಲ ಎದೆನೋವು ಬಂದವರು ಕರೆಯಬೇಕಾದ್ದು 108. ಆಸ್ಪಿರಿನ್ ಅಗಿಯಬೇಕೋ ಬೇಡವೋ ಅವರೇ ಹೇಳುತ್ತಾರೆ. ಪಕ್ಕದ ಸೀಟಿನವರಿಗೆ ನಿಮ್ಮಪ್ಪನ ಮಾತ್ರೆ ಕೊಡುವುದಂತೂ ಬೇಡವೇ ಬೇಡ.

ನೈಟ್ರೇಟ್ ನೋವು ಇಳಿಸುತ್ತದೆ, ನೋವು ಬರದಂತೆ ತಡೆಯುತ್ತದೆ. ನಾಳದೊಳಗಿನ ಕೊಬ್ಬಿನ ಅಡಚಣೆಯನ್ನು ಅದು ಕರಗಿಸುವುದಿಲ್ಲ, ಮುಂದೆ ಆಗಬಹುದಾದ ಹೃದಯಾಘಾತವನ್ನು ತಡೆಯುವುದೂ ಇಲ್ಲ. ಆ ಕೆಲಸ ಆಸ್ಪಿರಿನ್, ಸ್ಟ್ಯಾಟಿನ್, ಬಿಪಿ–ಶುಗರ್ ಹತೋಟಿ, ಬೀಡಿ ಬಿಡುವುದು, ಇವುಗಳದ್ದು. “ಈಗ ನೋವಿಲ್ಲವಲ್ಲ” ಅಂತ ಮಿಕ್ಕ ಮಾತ್ರೆಗಳನ್ನು ಬಿಟ್ಟು ಇದೊಂದನ್ನೇ ನಂಬಿ ಕೂತವರು ನಮ್ಮ ನಿಮ್ಮ ಮನೆಗಳಲ್ಲೇ ಇದ್ದಾರೆ.

ಜೇಬಿನ ಮಾತ್ರೆ ಎಷ್ಟು ಸಲ ಬೇಕಾಯಿತು ಅನ್ನುವುದು ಒಳ್ಳೆಯ ಸೂಚನೆ. ಮಾವ ಪ್ರತಿ ಸಲವೂ ಕ್ಯಾಲೆಂಡರಿನಲ್ಲಿ ಆ ತಾರೀಖಿಗೆ ಒಂದು ಗೀಟು ಹಾಕುತ್ತಾರೆ. ಅತ್ತೆ ತಿಂಗಳಿಗೊಮ್ಮೆ ಅದರ ಫೋಟೋ ನನಗೆ ಕಳಿಸುತ್ತಾರೆ. ಗೀಟು ಇದ್ದಕ್ಕಿದ್ದಂತೆ ಹೆಚ್ಚಿದರೆ, ಕೂತಲ್ಲೇ ನೋವು ಬಂದರೆ, ರಾತ್ರಿ ಎಬ್ಬಿಸಿದರೆ, ಮುಂದಿನ ಅಪಾಯಿಂಟ್‌ಮೆಂಟಿಗೆ ಕಾಯದೆ ಅವತ್ತೇ ಆಸ್ಪತ್ರೆಗೆ ಹೋಗಬೇಕು.

ಇನ್ನು ಮಾತ್ರೆ ಇಡುವ ಜಾಗ. ಬಿಸಿಲಿಗೆ ನಿಲ್ಲಿಸಿದ ಸ್ಕೂಟರ್ ಡಿಕ್ಕಿ, ಅಡುಗೆಮನೆಯ ಒಲೆ ಪಕ್ಕ ಬೇಡ. ನೈಟ್ರೋಗ್ಲಿಸರಿನ್ ಮಾತ್ರೆ ಕಂದು ಗಾಜಿನ ಸೀಸೆಯಲ್ಲಿ ಬಂದರೆ ಅದರಲ್ಲೇ ಇರಲಿ, ಪ್ಲಾಸ್ಟಿಕ್ ಡಬ್ಬಿಗೆ ಸುರಿಯಬೇಡಿ. ಮುಚ್ಚಳ ತೆಗೆದ ದಿನ ಸೀಸೆ ಮೇಲೆ ಬರೆದಿಟ್ಟು, ಎಷ್ಟು ವಾರಕ್ಕೆ ಬದಲಿಸಬೇಕು ಅಂತ ಅಂಗಡಿಯಲ್ಲೇ ಕೇಳಿ. ಸಾರ್ಬಿಟ್ರೇಟ್ ಹಾಳೆಯನ್ನು ಬಿಡಿಸಿ ವಾರದ ಡಬ್ಬಿಗೆ ಹಾಕುವುದು ಬೇಡ. ಮೆಡಿಕಲ್ ಶಾಪಿನಲ್ಲಿ ಐದೇ ಮಾತ್ರೆ ಕೇಳಿದರೆ ಹಾಳೆ ಕತ್ತರಿಸಿ ಕೊಡುತ್ತಾರೆ, ಎಕ್ಸ್‌ಪೈರಿ ದಿನಾಂಕ ಇರುವ ತುದಿ ಅಂಗಡಿಯಲ್ಲೇ ಉಳಿಯುತ್ತದೆ. ಕಡ್ಡಾಯವಾಗಿ ಪೂರ್ತಿ ಹಾಳೆ ತಗೊಳ್ಳಿ, ಇಲ್ಲವೇ ದಿನಾಂಕ ಇರುವ ಕಡೆಯಿಂದ ಕತ್ತರಿಸಿ ಕೊಡಿ ಅಂತ ಕೇಳಿ.